ಮೂರನೇ ಡ್ರಾಯರು

ಮೂರು ಹುದ್ದೆ, ನಲವತ್ತೊಂದು ಅರ್ಜಿ.
ಕಿಸುಮುವಿನ ಬಿಸಿಲಿಗೆ ತಗಡಿನ ಮಾಡು ಟಕಟಕ ಅನ್ನುತ್ತಿತ್ತು,
ವರಾಂಡದುದ್ದಕ್ಕೂ ಇಸ್ತ್ರಿಯ ಗೆರೆ ಮುರಿಯದ ಅಂಗಿಗಳು.
ಎಲ್ಲರೂ ಬಾಯಿಪಾಠ ಮಾಡಿ ಬಂದಿದ್ದರು
ಸೇವೆ, ಕರುಣೆ, ಚಿಕ್ಕಂದಿನ ಕನಸು.
ನಾನು ಕೇಳಿದ್ದು ಒಂದೇ:
ನಿನ್ನ ಕೈಯಿಂದಾದ ತಪ್ಪೊಂದನ್ನು ಹೇಳು.

ಮೂವತ್ತೆಂಟು ಮಂದಿ ತಪ್ಪೇ ಮಾಡಿರಲಿಲ್ಲ.
ಒಬ್ಬ ನಕ್ಕ. ಒಬ್ಬಳು ಅತಿ ದುಡಿಮೆಯೇ ತನ್ನ ತಪ್ಪೆಂದಳು.
ಕೆರಿಚೊ ಕಡೆಯ ಜೆರೊಟಿಚ್ ಮಾತ್ರ
ಚಪ್ಪಲಿಯ ತುದಿ ನೋಡುತ್ತ ಅಂದಳು:
"ತರಬೇತಿಯ ಎರಡನೇ ವರ್ಷ. ಅಜ್ಜನೊಬ್ಬ ನೀರು ಕೇಳಿದ.
ಬಂದೆ ಅಂದೆ. ಹೋಗಲಿಲ್ಲ."
ಆಮೇಲೆ ಸುಮ್ಮನಾದಳು.
ಸಮಿತಿಯ ಲೆಕ್ಕಿಗ ಕೆಮ್ಮಿದ.
ನಾನು ಅವಳ ಹೆಸರಿನಡಿ ಗೆರೆ ಎಳೆದೆ.

ಮೊದಲ ದಿನ. ಪುಸ್ತಕ ಕೊಟ್ಟಿದ್ದಾರೆ ನಿನಗೆ, ಗೊತ್ತು,
ಅರವತ್ತು ಪುಟ, ಕೊನೆಗೆ ಸಹಿಯ ಜಾಗ.
ಓದು. ಅದರಲ್ಲಿ ಇಲ್ಲದ್ದನ್ನು ನಾನು ಹೇಳುತ್ತೇನೆ.

ಮೂರನೇ ಡ್ರಾಯರು ಜಗ್ಗಿದರೆ ಬರುವುದಿಲ್ಲ,
ಬಲಗಡೆ ಚೂರು ಎತ್ತಿ ಎಳೆಯಬೇಕು;
ಉಸಿರು ತುಂಬುವ ಚೀಲ ಇರುವುದು ಅದರಲ್ಲೇ.
ಸಿಲಿಂಡರಿನ ಸ್ಪ್ಯಾನರನ್ನು ಬ್ಯಾಂಡೇಜಿನಿಂದ ಗೂಟಕ್ಕೆ ಬಿಗಿದಿದ್ದೇನೆ,
ಬಿಚ್ಚಿದವರ ಕೈ ಮುರಿಯುತ್ತೇನೆಂದು ಎಲ್ಲರಿಗೂ ಗೊತ್ತು.
ಕರೆಂಟು ಹೋದರೆ ಹನ್ನೊಂದು ಎಣಿಸು, ಜನರೇಟರು ಬರುತ್ತದೆ.
ಹನ್ನೆರಡಾದರೆ ಒಡೂಯಾನನ್ನು ಕೂಗು,
ಕಾವಲುಗಾರನೇ, ಆದರೆ ಯಂತ್ರ ಅವನ ಮಾತು ಕೇಳುತ್ತದೆ.
ಕಿರುಚುವವನ ಬಳಿಗೆ ಆಮೇಲೆ ಹೋಗು,
ಸುಮ್ಮನೆ ಕೂತವನ ಬಳಿಗೆ ಮೊದಲು.
ಕಿರುಚಲಿಕ್ಕೆ ಉಸಿರು ಬೇಕು, ಅವನಲ್ಲಿ ಅದಿದೆ.
ಮಗು ಎಂದಿನಂತಿಲ್ಲ ಅಂತ ತಾಯಿ ಅಂದರೆ
ಥರ್ಮಾಮೀಟರಿಗಿಂತ ಅವಳನ್ನು ನಂಬು.
ಲುವೋ ಮಾತು ಬಾರದಿದ್ದರೆ ನಾಚಿಕೊಳ್ಳಬೇಡ,
ನೋವೆಲ್ಲಿ ಎಂದು ತೋರಿಸಲು ಬೆರಳು ಸಾಕು.
'ಪೋಲೆ' ಅನ್ನು. ಆ ಒಂದು ಪದ ಇಲ್ಲಿ ಅರ್ಧ ಔಷಧಿ.
ಅಳಬೇಕೆನಿಸಿದರೆ ಹಾಸುಬಟ್ಟೆಯ ಕೋಣೆ. ಒಳಗೆ ಚಿಲಕವಿಲ್ಲ,
ಬಾಗಿಲಿಗೆ ಬೆನ್ನೊತ್ತಿ ನಿಲ್ಲು. ನಾನೂ ಹಾಗೇ ನಿಂತದ್ದು.

ಆರು ವಾರ ನನ್ನ ನೆರಳಾಗಿರಬೇಕೆಂದು ನಿಯಮ.
ಒಂಬತ್ತನೇ ರಾತ್ರಿಗೇ ಅಹೆರೊ ರಸ್ತೆಯಲ್ಲಿ ಮಟಾಟು ಮಗುಚಿತು.
ಹದಿನೇಳು ಜನ. ಯಾರದೋ ಬುಟ್ಟಿಯ ಮೀನು
ಸ್ಟ್ರೆಚರಿನ ಮೇಲೂ ಬಂದಿತ್ತು,
ರಕ್ತದ ನಡುವೆ ಸರೋವರದ ವಾಸನೆ.
ಅವಳ ಕೈ ನಡುಗುವುದನ್ನು ಕಂಡೆ, ಗ್ಲೌಸು ಎರಡು ಸಲ ಹರಿಯಿತು.
ಹೇಳಿಕೊಡಲು ಪುರುಸೊತ್ತಿರಲಿಲ್ಲ,
ನನ್ನ ಹಿಂದೆ ಬಾ ಅಂದೆ, ಬಂದಳು.

ಎರಡೂವರೆ ಗಂಟೆಗೆ ನಾನು ಸಿರಿಂಜು ತುಂಬಿ
ಕಿಟಕಿ ಪಕ್ಕದ ಹುಡುಗನ ತೋಳು ಹಿಡಿದಿದ್ದೆ.
ಇಪ್ಪತ್ತಾರು ವರ್ಷ ಪಳಗಿದ ಕೈ, ನೋಡದೆಯೂ ನರ ಸಿಗುತ್ತದೆ.
ಮಣಿಕಟ್ಟಿನ ಮೇಲೆ ಯಾರೋ ಕೈಯಿಟ್ಟರು, ಹಗುರಾಗಿ,
ಬೆದರಿದ ಹಸುವಿನ ಹಣೆ ಮುಟ್ಟುವಂತೆ.
"ಸಿಸ್ಟರ್ ಪರ್ಪೆಟುವಾ, ಇವನು ಐದನೆಯವನಲ್ಲ.
ಐದನೆಯವನು ಬಾಗಿಲ ಹತ್ತಿರ."

ನಿಂತೆ.
ಹುಡುಗನ ಎದೆಯ ಮೇಲೆ ಪ್ಲಾಸ್ಟರಿನ ಚೂರು,
ಅದರ ಮೇಲೆ ನಾನೇ ಬರೆದ ಎರಡು
ಅವಸರದಲ್ಲಿ ಐದರ ಹಾಗೆ ಬಾಗಿತ್ತು.
ಹೌದು ಅಂದೆ. ಇನ್ನೇನೂ ಅನ್ನಲಾಗಲಿಲ್ಲ.
ಸಿರಿಂಜು ಹಿಡಿದು ಬಾಗಿಲ ಕಡೆ ನಡೆದೆ,
ಈಗ ಅವಳು ಮುಂದೆ.

ಬೆಳಗಾಗುವಾಗ ಒಡೂಯಾ ಚಹಾ ತಂದ, ಸಕ್ಕರೆ ಜಾಸ್ತಿ.
ಜೆರೊಟಿಚ್ ಲೋಟದಲ್ಲಿ ನೀರು ಹಿಡಿದು
ಬಾಗಿಲ ಬಳಿಯ ಮಂಚಕ್ಕೆ ಹೋಗುತ್ತಿದ್ದಳು.
ಆತ ಕೇಳಿದ್ದನೋ ಇಲ್ಲವೋ, ನನಗಂತೂ ಕೇಳಿಸಿರಲಿಲ್ಲ.

ತಪ್ಪುಗಳ ದಾಖಲೆ ಪುಸ್ತಕವೂ ಆ ಡ್ರಾಯರಿನಲ್ಲೇ ಇದೆ,
ತೀರ ಅಡಿಯಲ್ಲಿ, ರಟ್ಟು ಅಂಟಿಹೋಗಿ.
ಬರೆಯಬೇಕು: ನನ್ನ ಹೆಸರು, ಹೊತ್ತು, ಮಂಚ, ಅವಳ ಕೈ.
ಮುಂದಿನ ಸಲ ಅರ್ಜಿ ಹಿಡಿದು ಬಂದವರಿಗೆ
ಮೊದಲು ನನ್ನದನ್ನು ಹೇಳಬೇಕು.

ಜಗ್ಗಿದೆ. ಬರಲಿಲ್ಲ.
ಮತ್ತೆ ಜಗ್ಗಿದೆ.
ಹಿಂದಿನಿಂದ ಅವಳು, ಮೆಲ್ಲಗೆ:
"ಬಲಗಡೆ, ಚೂರು ಎತ್ತಿ."